ಮೀಸಲು ಸಾಲು

"ಹಿಂದಿನ ಸಾಲನ್ನೂ ಹಾಕ್ಬಿಡಿ," ಎಂದಳು ಹೆಂಚಿನಕ್ಕ. ಹೇಳಿದವಳು ತಾನೇ, ಆದರೂ ದನಿ ಬೇರೆ ಯಾರದೋ ಅನ್ನಿಸಿತು.

ರೋಲರ್ ಓಡಿಸುವವನು ಇಂಜಿನ್ ನಿಲ್ಲಿಸದೆಯೇ ಅವಳ ಮುಖ ನೋಡಿದ. "ಅದು ಒಳ್ಳೇ ಹೆಂಚಲ್ವಾ, ಅಕ್ಕ?"

"ಒಳ್ಳೇದಾದ್ರೆ ಏನು ಬಂತು, ಕೊಳ್ಳೋರು ಬೇಕಲ್ಲ," ಎಂದು ಅವಳ ತಮ್ಮ ನಡುವೆ ಬಾಯಿ ಹಾಕಿದ. "ಅಂಗಳದ ಗುಂಡಿ ಇನ್ನೂ ತುಂಬಿಲ್ಲ, ಶೀಟು ಕಂಪನಿಯೋರು ಊಟದ ಹೊತ್ತಿಗೆ ಬಂದ್ಬಿಡ್ತಾರೆ. ಹಾಕ್ರಪ್ಪ ಹಾಕ್ರಿ."

ಆಳುಗಳು ಹೆಂಚನ್ನು ತೋಳ ತುಂಬ ಹೊತ್ತು ತಂದು ಗುಂಡಿಗೆ ಸುರಿದರು. ರೋಲರ್ ಮೇಲೆ ಹಾಯ್ದಾಗಲೆಲ್ಲ ಹಪ್ಪಳ ಮುರಿದಂಥ ಸದ್ದು. ಕೆಂಪು ಧೂಳು ಅಂಗಡಿಯ ಫಲಕದ ಮೇಲೆ, ಅವಳ ಕಣ್ಣರೆಪ್ಪೆಯ ಮೇಲೆ ಕೂತಿತು. ಅವಳು ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತಳು.

ಅಪ್ಪ ಕಟ್ಟಿದ ಅಂಗಡಿ ಅದು. ಹೆಂಚು ಮಾರುವ ಕಡೆ ಎಲ್ಲೂ ಇಲ್ಲದ ಒಂದು ಪದ್ಧತಿ ಅಲ್ಲಿತ್ತು. ಒಂದೊಂದು ಕಾರ್ಖಾನೆಗೆ ಒಂದೊಂದು ಅಚ್ಚು. ಒಂದರ ಅಂಚಿನ ಕಚ್ಚು ಇನ್ನೊಂದಕ್ಕೆ ಕೂರುವುದಿಲ್ಲ. ಕೂರಿಸಿದರೆ ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೇ ಅಪ್ಪ ಬಂದ ಪ್ರತಿ ಲೋಡಿನಲ್ಲೂ ಒಂದಷ್ಟನ್ನು ತೆಗೆದು ಹಿಂದಿನ ಗೋಡೆಗೆ ಒರಗಿಸಿ ಇಡುತ್ತಿದ್ದ. ಎಷ್ಟು ಕೇಳಿದರೂ ಅದನ್ನು ಹೊಸ ಮನೆಗೆ ಮಾರುತ್ತಿರಲಿಲ್ಲ. ಅದು ಮೀಸಲು ಸಾಲು. "ಹೆಂಚು ಮಾರೋದು ಒಂದು ದಿನದ ಕೆಲಸ, ಮಗಳೇ. ಒಡೆದ ಹೆಂಚಿಗೆ ಜೊತೆ ಕೊಡೋದು ಆ ಮನೆ ಇರೋ ತನಕ," ಅನ್ನುತ್ತಿದ್ದ. ಅಪ್ಪನ ನಂತರ ಅವಳೂ ಗಿರಾಕಿಗಳಿಗೆ ಅದನ್ನೇ ಹೇಳಿ ಮಾರಿದಳು. ಹೆಂಚಿನಕ್ಕ ಅನ್ನುವ ಹೆಸರು ಬಿದ್ದದ್ದು ಹಾಗೆ.

ಈಗ ಕಾಲ ತಿರುಗಿತ್ತು. ಶೀಟು ಕಂಪನಿಯ ಸಭೆಗೆ ಹೋಗಿ ಬಂದ ಅವಳ ತಮ್ಮ ಗೋಡೆಗೆ ಒಂದು ನಕ್ಷೆ ಅಂಟಿಸಿದ್ದ. ಅದರಲ್ಲಿ ಸೂರಿಗೆ ಹೊದಿಸುವ ಬಣ್ಣದ ತಗಡು ಶೀಟಿನ ಗೆರೆ ಏಣಿ ಹತ್ತುತ್ತಿತ್ತು, ಹೆಂಚಿನ ಗೆರೆ ಜಾರುಬಂಡೆಯಲ್ಲಿ ಕೂತಿತ್ತು. ಸುಳ್ಳು ಅನ್ನಲು ಅವಳಿಗೆ ಬಾಯಿಲ್ಲ. ಹೆಂಚಿನ ಕಾರ್ಖಾನೆಯ ಗೂಡು ಆರಿ ವರ್ಷವಾಗಿತ್ತು, ಅಂಗಡಿಗೆ ಬರುವವರೆಲ್ಲ ಶೀಟು ಇದೆಯಾ ಎಂದೇ ಕೇಳುತ್ತಿದ್ದರು. ಏಜೆನ್ಸಿ ಕೊಡಲು ಕಂಪನಿಯದು ಒಂದೇ ಷರತ್ತು: ಉದ್ದನೆಯ ಶೀಟು ಬಾಗದ ಹಾಗೆ ಪೇರಿಸಲು ಅಂಗಳ ಪೂರ್ತಿ ಸಮವಾಗಿರಬೇಕು. ಇಲ್ಲವಾದರೆ ಎದುರು ಸಾಲಿನ ಸಿಮೆಂಟಿನವನು ತುದಿಗಾಲಲ್ಲಿ ನಿಂತಿದ್ದ. ಏಜೆನ್ಸಿ ಅವನ ಪಾಲಾದರೆ ಅಂಗಡಿಗೆ ಬೀಗವೇ ಗತಿ.

ಊಟದ ಹೊತ್ತಿಗೆ ಕಂಪನಿಯ ಮ್ಯಾನೇಜರ್ ಬಂದ. ಬೂಟಿನ ಹಿಮ್ಮಡಿಯಿಂದ ಅಂಗಳವನ್ನು ಎರಡು ಸಲ ಕುಟ್ಟಿ ನೋಡಿದ. "ತುಂಬ ಗಟ್ಟಿಯಾಗಿದೆ, ಮೇಡಂ. ಕಲ್ಲು ಹಾಕಿಸಿದ್ರಾ?"

"ಹೆಂಚು," ಎಂದಳು.

"ಒಳ್ಳೇ ಉಪಯೋಗ," ಎಂದು ಅವನು ನಕ್ಕ. ತಮ್ಮನೂ ನಕ್ಕ. ಹೋಗುವಾಗ ಮಾದರಿಗೆಂದು ಒಂದು ನೀಲಿ ಶೀಟು ಕೊಟ್ಟು ಹೋದ.

ಅದೇ ವಾರ ಗಾಳಿ ಎದ್ದಿತು. ಮರುದಿನ ಬೆಳಿಗ್ಗೆ ಗಡಿಯಾರ ರಿಪೇರಿಯವನು ಟವೆಲ್ಲಿನಲ್ಲಿ ಹೆಂಚಿನ ಚೂರು ಸುತ್ತಿಕೊಂಡು ಬಂದ. "ಮರದ ಕೊಂಬೆ ಬಿತ್ತು, ಅಕ್ಕ. ಸರಿಯಾಗಿ ನನ್ನ ಕೆಲಸದ ಮೇಜಿನ ಮೇಲೆ. ಊರೋರ ಗಡಿಯಾರ ಎಲ್ಲಾ ಮಂಚದ ಕೆಳಗೆ ಮಲಗಿಸಿ ಬಂದೀನಿ. ಹತ್ತೋ ಹನ್ನೆರಡೋ ಹೆಂಚು ಸಾಕು."

ಅವಳು ಚೂರನ್ನು ಕೈಗೆ ತೆಗೆದುಕೊಂಡು ಕಚ್ಚಿನ ಮೇಲೆ ಬೆರಳಾಡಿಸಿದಳು. ಯಾವ ಅಚ್ಚೆಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು.

"ಹೆಂಚು ನಿಲ್ಲಿಸಿಬಿಟ್ವಿ, ಅಣ್ಣಾ," ಎಂದ ತಮ್ಮ. "ಇಡೀ ಮನೆಗೆ ಶೀಟು ಹಾಕ್ಸಿ, ನಮಗೆ ಬಿದ್ದ ಬೆಲೆಗೇ ಕೊಡ್ತೀನಿ."

"ನೆಗಡಿ ಆಯ್ತು ಅಂತ ಮೂಗು ಕೊಯ್ಕೊಳ್ಳೋಕಾಗುತ್ತಾ?" ಎಂದ ಅವನು. ಆಮೇಲೆ ಅವಳ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಯಾವಾಗ ಬಂದ್ರೂ ಜೊತೆ ಸಿಗುತ್ತೆ ಅಂದಿದ್ರಲ್ಲ, ಅಕ್ಕ. ಅದೇ ಧೈರ್ಯದ ಮೇಲೆ ಹೆಂಚು ಹಾಕಿಸ್ದೋನು ನಾನು."

ಅವಳಿಗೆ ನಾಚಿಕೆಯಾಯಿತು. ಅವನು ನಿಂತದ್ದು ತನಗೆ ಸಿಗಬೇಕಿದ್ದ ಹೆಂಚಿನ ಮೇಲೆಯೇ; ಚಪ್ಪಲಿಯ ಪಕ್ಕದಲ್ಲಿ ಕೆಂಪು ಚೂರುಗಳು ಮಣ್ಣಿನಿಂದ ಇಣುಕುತ್ತಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಎರಡನ್ನೂ ಒಂದೇ ರೋಲರಿನ ಕೆಳಗೆ ಹಾಕಿ ಆಗಿತ್ತು.

"ಸಂಜೆ ಮನೆ ಹತ್ರ ಬಾರಪ್ಪ," ಎಂದಳು. "ಕೊಡ್ತೀನಿ."

"ಎಲ್ಲಿಂದ ಕೊಡ್ತೀಯ?" ಎಂದು ತಮ್ಮ ಕೇಳುವಷ್ಟರಲ್ಲಿ ಅವಳು ಮನೆಯ ಕಡೆ ಹೊರಟಾಗಿತ್ತು.

ಮದುವೆಯಾದ ಹೊಸತರಲ್ಲಿ ಅವಳ ಮನೆಗೆ ಹೆಂಚು ಹೊದಿಸಿಕೊಟ್ಟವನು ಅಪ್ಪನೇ. ಗಡಿಯಾರದವನ ಚೂರಿನದೇ ಕಾರ್ಖಾನೆ, ಅದೇ ಅಚ್ಚು. ಮಧ್ಯಾಹ್ನ ಕೆಲಸದವನು ಏಣಿ ಇಟ್ಟು ಅಡುಗೆಮನೆಯ ಮೇಲೆ ಹತ್ತಿದಾಗ ಅವಳ ಗಂಡ ಪೇಪರ್ ಮಡಚಿ ಹೊರಗೆ ಬಂದ.

"ಏನೇ ಇದು? ಸೋರದೇ ಇರೋ ಸೂರಿಗೆ ರಿಪೇರಿ?"

"ಅಡುಗೆಮನೆ ಕತ್ತಲು ಅಂತ ದಿನಾ ಗೊಣಗ್ತಿದ್ರಲ್ಲ. ಬೆಳಕು ಬರ್ಲಿ ಅಂತ."

"ಬೆಳಕಿನ ಜೊತೆ ಬೆಕ್ಕೂ ಬರುತ್ತೆ," ಎಂದ ಗಂಡ. ಅವಳ ಮುಖ ನೋಡಿದವನು ತಮಾಷೆ ಅಲ್ಲಿಗೇ ನಿಲ್ಲಿಸಿದ. ಕೆಳಗೆ ನಿಂತು ಒಂದೊಂದೇ ಹೆಂಚನ್ನು ಇಳಿಸಿಕೊಂಡ. ಬರಿದಾದ ಜಾಗಕ್ಕೆ ಮ್ಯಾನೇಜರ್ ಕೊಟ್ಟ ನೀಲಿ ಶೀಟು ಹೊಡೆದದ್ದಾಯಿತು. ಸಂಜೆ ಗಡಿಯಾರದವನು ಬಂದು ಹೆಂಚು ಒಯ್ದ.

ತಮ್ಮ ಬಂದು ನೋಡಿ ಮೊದಲು ರೇಗಿದ. ಮರುಕ್ಷಣವೇ ಅವನ ಮುಖ ಅರಳಿತು. "ಇದಕ್ಕಿಂತ ಜಾಹೀರಾತು ಬೇಕಾ, ಅಕ್ಕ?" ಎಂದ. ಆಮೇಲಿನ ದಿನಗಳಲ್ಲಿ ಗಿರಾಕಿಗಳನ್ನು ಬೀದಿಯ ತಿರುವಿಗೆ ಕರೆತಂದು, "ನೋಡಿ, ಹೆಂಚಿನಕ್ಕನೇ ಹೆಂಚು ತೆಗೆಸಿ ನಮ್ಮ ಶೀಟು ಹಾಕ್ಸಿದ್ದಾಳೆ," ಎಂದು ತೋರಿಸತೊಡಗಿದ. ಜನ ತಲೆಯಾಡಿಸಿ ಮುಂಗಡ ಕೊಟ್ಟು ಹೋದರು. ಅಂಗಳದಲ್ಲಿ ನೀಲಿ, ಹಸಿರು, ಇಟ್ಟಿಗೆ ಬಣ್ಣದ ಶೀಟು ಬಂದು ಬಿದ್ದಷ್ಟೇ ಬೇಗ ಖಾಲಿಯಾಯಿತು. ಅವಳು ಬಿಲ್ ಬರೆದಳು, ಗಿರಾಕಿ ಕೇಳಿದ್ದಕ್ಕೆ ಉತ್ತರ ಹೇಳಿದಳು. ಯಾವಾಗ ಬಂದರೂ ಜೊತೆ ಸಿಗುತ್ತದೆ ಅನ್ನುವ ಮಾತು ಮಾತ್ರ ಬಾಯಿಗೆ ಬರಲಿಲ್ಲ.

ಗಡಿಯಾರದವನು ಸುಮ್ಮನಿದ್ದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಪಾಪ, ಉಪಕಾರ ಸ್ಮರಿಸುವ ಜೀವ. ತನ್ನಲ್ಲಿಗೆ ಗಡಿಯಾರ ರಿಪೇರಿಗೆ ಬಂದವರಿಗೆಲ್ಲ, "ಹೆಂಚು ಬೇಕಾದ್ರೆ ಹೆಂಚಿನಕ್ಕನ ಮನೆಗೆ ಹೋಗಿ, ಆಕೆ ಮಾತು ತಪ್ಪಲ್ಲ," ಎಂದು ಹೇಳುತ್ತಿದ್ದನಂತೆ.

ಮೊದಲ ಮಳೆ ಒಂದು ಭಾನುವಾರ ಬೆಳಿಗ್ಗೆ ಬಂತು. ಅವಳು ಅಡುಗೆಮನೆಯಲ್ಲಿದ್ದಳು. ಅಷ್ಟು ವರ್ಷ ಮಳೆಯ ಸದ್ದಿನಲ್ಲೇ ಗಂಡನ ಜೊತೆ ಮಾತಾಡುತ್ತ ಅಡುಗೆ ಮಾಡಿದವಳಿಗೆ ಇಂದು ಶೀಟಿನ ಅಬ್ಬರದಲ್ಲಿ ಒಲೆಯ ಮೇಲೆ ಹಾಲು ಉಕ್ಕಿದ್ದೂ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತ ಗಂಡ ಏನೋ ಹೇಳಿ, ಕೈಯಿಂದ ಹೊರಗೆ ತೋರಿಸಿದ.

ಹೊರಬಾಗಿಲಲ್ಲಿ ಕೊಡೆ ಹಿಡಿದ ಹೆಂಗಸೊಬ್ಬಳು ನಿಂತಿದ್ದಳು, ಹಿಂದೆ ಇನ್ನಿಬ್ಬರು. ಆಕೆಯ ತುಟಿ ಆಡಿದ್ದು ಕಾಣಿಸಿತು, ಮಾತು ಮಳೆಯಲ್ಲಿ ಹೋಯಿತು. ಆಕೆ ಮತ್ತೆ ಹೇಳುವ ಬದಲು ಚೀಲಕ್ಕೆ ಕೈ ಹಾಕಿ, ಒಡೆದ ಹೆಂಚೊಂದನ್ನು ತೆಗೆದು ಹಿಡಿದಳು.

ಹೆಂಚಿನಕ್ಕ ಅದನ್ನು ತೆಗೆದುಕೊಂಡು ಕಚ್ಚಿನ ಮೇಲೆ ಬೆರಳಾಡಿಸಿದಳು. ಆಮೇಲೆ ತಲೆಯೆತ್ತಿ, ಇನ್ನೂ ಹೆಂಚೇ ಇದ್ದ ಪಡಸಾಲೆಯ ಸೂರು ನೋಡಿದಳು.