ಜೋಡು ಗೆರೆ

"ಒಂದು ದಿನವೂ ಔಷಧ ತಪ್ಪಿಸಿಲ್ಲ ಅಂತೀಯ. ಹಾಗಾದರೆ ಈ ಗಂಟು ಯಾಕೆ ಕರಗಿಲ್ಲ?"

ನಾಗಪುರದ ಆಸ್ಪತ್ರೆಯ ಡಾಕ್ಟರ್ ಸುಮೇಧಾ ಇದನ್ನು ಮೂರನೆಯ ಸಲ ಕೇಳುತ್ತಿದ್ದರು. ಅವರ ಹಿಂದಿ ಗಡುಸಾಗಿರಲಿಲ್ಲ, ದಣಿದಿತ್ತು. ಹದಿನಾಲ್ಕು ತಿಂಗಳ ಅಮೇಯ ಅಮ್ಮ ದೀಪಾಲಿಯ ತೊಡೆಯ ಮೇಲೆ ಎಡಗೈ ಎತ್ತಿಕೊಂಡೇ ಮಲಗಿದ್ದ. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ಗಂಟು, ಅದರ ತುದಿಯಲ್ಲಿ ಕೀವು. ಕೈ ಇಳಿಸಿದರೆ ನೋಯುತ್ತದೆಂದು ಕೂಸಿಗೂ ತಿಳಿದುಹೋಗಿತ್ತು.

ದೀಪಾಲಿ ಚೀಲದಿಂದ ಗೋಡೆ ಕ್ಯಾಲೆಂಡರನ್ನೇ ತೆಗೆದು ಮೇಜಿನ ಮೇಲೆ ಹರಡಿದಳು. ಎಂಟು ತಿಂಗಳ ಪ್ರತಿಯೊಂದು ತಾರೀಖಿನ ಕೆಳಗೂ ಕ್ಷಯದ ಔಷಧ ಕೊಟ್ಟ ನೀಲಿ ಗುರುತಿತ್ತು. ಡಾಕ್ಟರು ನಾಲ್ಕು ಹಾಳೆ ತಿರುಗಿಸಿ ನೋಡಿದರು.

"ಗುರುತು ಎಲ್ಲರೂ ಹಾಕುತ್ತಾರೆ. ಕೆಲವರು ಇಲ್ಲಿಗೆ ಬರುವ ದಿನ ಕೂತು ಒಟ್ಟಿಗೆ ಹಾಕುತ್ತಾರೆ. ನಾಳೆಯಿಂದ ಮಗು ವಾರ್ಡಿನಲ್ಲಿರಲಿ. ಔಷಧ ಅದೇ, ಕೊಡುವವರು ನರ್ಸು. ಎರಡು ತಿಂಗಳು ನೋಡೋಣ."

ದೀಪಾಲಿಯ ಕಣ್ಣೀರು ಕೂಸಿನ ತಲೆಯ ಮೇಲೆ ಬಿತ್ತು. ಹೊರಗಿನ ಬೆಂಚಿನಲ್ಲಿ ಸರದಿಗೆ ಕಾದವರು ಕತ್ತು ಚಾಚುತ್ತಿದ್ದರು. ನರ್ಸ್ ನೀಲಾ ಏನೋ ಹುಡುಕುವವಳಂತೆ ಬಂದು ಬಾಗಿಲ ಪರದೆ ಎಳೆದಳು. ಹೋಗುವಾಗ ಕೂಲರಿನ ಮುಖವನ್ನು ಕೂಸಿನ ಕಡೆ ತಿರುಗಿಸಿಟ್ಟಳು.

ಪಕ್ಕದ ಸ್ಟೂಲಿನಲ್ಲಿ ಕುಳಿತ ಅತ್ತೆ ಸಾವಿತ್ರೆವ್ವ ಕೂಸಿನ ಪಾದ ಹಿಡಿದುಕೊಂಡಳು. ಎರಡು ತಿಂಗಳು. ಸಂಜೆಯಾದರೆ ಮೈ ಕಾಯುವ ಕೂಸು, ಹೋದ ತಿಂಗಳು ಎತ್ತಿಕೊಂಡಾಗ ಇದ್ದ ಭಾರ ಈ ತಿಂಗಳು ಇರಲಿಲ್ಲ. ಮೊದಲ ದಿನ ಇದೇ ಕೋಣೆಯಲ್ಲಿ ಡಾಕ್ಟರು ಗಂಡ ಹೆಂಡತಿ ಸಂಬಂಧಿಕರೇ ಎಂದು ಕೇಳಿದ್ದರು. ದೀಪಾಲಿ ಬಾಯಿ ತೆರೆಯುವ ಮೊದಲೇ ಸಾವಿತ್ರೆವ್ವ, ಇಲ್ಲ, ಹುಡುಗ ಗದಗಿನವನು, ಹುಡುಗಿ ರಾಣೆಬೆನ್ನೂರಿನವಳು ಎಂದು ಹೇಳಿಬಿಟ್ಟಿದ್ದಳು. ಊರು ಬೇರೆಯೆಂಬುದು ಸುಳ್ಳಲ್ಲ. ಹಾಗೆಂದೇ ಇಷ್ಟು ದಿನ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು.

ಮದುವೆಯಾದ ಹೊಸದರಲ್ಲಿ, ನೀರು ತುಂಬುವ ಹೊತ್ತಿನಲ್ಲಿ, ದೀಪಾಲಿ ಗಂಡನನ್ನು ಹುಟ್ಟಿದಂದಿನಿಂದ ಕರೆದಂತೆಯೇ "ಮಾಮಾ" ಎಂದು ಕೂಗಿದ್ದಳು. ಪಕ್ಕದ ಮನೆಯವಳು ಕೊಡ ಕೆಳಗಿಟ್ಟು, "ಸಖ್ಖಾ ಮಾಮಾ?" ಸ್ವಂತ ಸೋದರಮಾವನೇ ಎಂದು ಬಾಯಿಗೆ ಸೆರಗು ಹಿಡಿದುಕೊಂಡಿದ್ದಳು. ಊರಿನಲ್ಲಿ ಅದು ಮುಚ್ಚಿಡುವ ಸಂಗತಿಯೇ ಅಲ್ಲ. ಮಗಳ ಮಗಳನ್ನು ಮಗನಿಗೆ ತಂದುಕೊಂಡರೆ ನಾಲ್ಕು ಜನ ಮೆಚ್ಚುತ್ತಿದ್ದರು. ನಾಗಪುರದಲ್ಲಿ ಮಾಮಾ ಎಂದರೆ ತಂದೆಯ ಸಮಾನ. ಅಂದೇ ಸಾವಿತ್ರೆವ್ವ ಬಾಗಿಲು ಹಾಕಿ ಹೇಳಿದ್ದಳು: "ಹೊರಗ ಗಂಡಗ ಇಲ್ಲಿಯವರಂಗ ‘ಅಹೋ’ ಅನ್ನು. ನನಗ ‘ಆಯಿ’ ಅಂದರ ಚಿಂತಿಲ್ಲ. ನಮ್ಮಲ್ಲಿ ಹಂಗಂದ್ರ ಅಜ್ಜಿ, ಇಲ್ಲಿ ತಾಯಿ, ಸೊಸೆಂದ್ರು ಅತ್ತಿಗೂ ಹಂಗ ಅಂತಾರ."

"ಇಲ್ಲಿ ಸಹಿ ಮಾಡು," ಎಂದು ಡಾಕ್ಟರು ಮಗುವನ್ನು ವಾರ್ಡಿಗೆ ಸೇರಿಸುವ ಭರ್ತಿಯ ಕಾಗದವನ್ನು ದೀಪಾಲಿಯ ಮುಂದೆ ಸರಿಸಿದರು. "ಮಗು ಹುಷಾರಾಗಬೇಕಾದರೆ ತಾಯಿ ನಿಜ ಹೇಳಬೇಕು."

ದೀಪಾಲಿ ಪೆನ್ನು ಹಿಡಿದಳು.

"ಡಾಕ್ಟರ್‌ಬಾಯಿ," ಎಂದಳು ಸಾವಿತ್ರೆವ್ವ. ಅವಳ ಹಿಂದಿ ಸಂತೆಗೆ ಸಾಕಾಗುವಷ್ಟೇ. "ಝೂಠ್ ಇಸನೇ ನಹೀ ಬೋಲಾ. ಮೈ ಬೋಲೀ. ಪ್ರಭು ಮೇರಾ ಬೇಟಾ. ಯೇ ಮೇರೀ ಬೇಟೀ ಕೀ ಬೇಟೀ." ಸುಳ್ಳು ಹೇಳಿದವಳು ತಾನು, ದೀಪಾಲಿಯ ಗಂಡ ಪ್ರಭು ತನ್ನ ಮಗ, ದೀಪಾಲಿ ತನ್ನ ಮಗಳ ಮಗಳು.

ದೀಪಾಲಿ ತಲೆ ಎತ್ತಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಈಗ ಇವರೂ ಬಾಯಿಗೆ ಸೆರಗು ಹಿಡಿದಾರೆಂದು ಸಾವಿತ್ರೆವ್ವ ಕಾದಳು.

"ಆಜಿ," ಎಂದರು ಅವರು, "ಈ ಮಾತು ನನಗೆ ಎಂಟು ತಿಂಗಳ ಹಿಂದೆ ಬೇಕಾಗಿತ್ತು."

ಭರ್ತಿಯ ಕಾಗದವನ್ನೇ ಮಗುಚಿ ಮೇಲೊಂದು ಸೊನ್ನೆ ಬರೆದರು. "ಇದು ನೀವು." ಅದರ ಕೆಳಗೆ ಒಂದು ಚೌಕ, ಪ್ರಭುದೇವ. ಪಕ್ಕದ ಸೊನ್ನೆ ಅವನ ಅಕ್ಕ, ಅವಳ ಕೆಳಗಿನದು ದೀಪಾಲಿ. ಚೌಕದಿಂದ ದೀಪಾಲಿಯವರೆಗೆ ಒಂದು ಗೆರೆ ಎಳೆದು, ಅದಕ್ಕೆ ಅಂಟಿದಂತೆ ಇನ್ನೊಂದು ಎಳೆದರು.

"ಎರಡು ಯಾಕ್ರಿ?" ಸಾವಿತ್ರೆವ್ವ ತನ್ನ ಸಂತೆಯ ಹಿಂದಿಯಲ್ಲಿ ಕೇಳಿದಳು.

"ರಕ್ತಸಂಬಂಧದ ಮದುವೆಯನ್ನು ಹೀಗೆ ಬರೆಯುತ್ತೇವೆ."

ಅವರು ನಿಧಾನವಾಗಿ ಹೇಳಿದರು. ರೋಗದ ಜೊತೆ ಹೋರಾಡುವ ಬಲಕ್ಕೂ ಜೀನುಗಳಿರುತ್ತವೆ, ಒಂದು ತಾಯಿಯದು, ಒಂದು ತಂದೆಯದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ, ಆ ಮನುಷ್ಯನಿಗೆ ಗೊತ್ತೂ ಆಗುವುದಿಲ್ಲ. ಒಂದೇ ಮನೆತನದ ಇಬ್ಬರಲ್ಲಿ ಅದೇ ಕೆಟ್ಟದ್ದು ಇದ್ದು ಎರಡೂ ಕೂಸಿಗೇ ಬಂದರೆ, ಅದಕ್ಕೆ ನೆಗಡಿ ಕೆಮ್ಮು ತಡೆಯಲು ಬಂದೀತು, ಒಂದು ಜಾತಿಯ ಕ್ರಿಮಿಯೆದುರು ಮಾತ್ರ ಕೈಸೋಲುತ್ತದೆ. ಹುಟ್ಟಿದಾಗ ಎಡತೋಳಿಗೆ ಹಾಕುವ ಕ್ಷಯದ ಲಸಿಕೆಯಲ್ಲಿರುವುದು ಆ ಜಾತಿಯ ಬಡಕಲು ಕ್ರಿಮಿ. ಲಕ್ಷ ಮಕ್ಕಳಿಗೆ ಅದು ಬರೀ ಒಂದು ಕಲೆ. ಇಂಥ ಕೂಸಿಗೆ ಮಾತ್ರ ಅದೇ ಕಂಕುಳಿಗಿಳಿದು ಗಂಟಾಗಿ ಬೆಳೆಯುತ್ತದೆ.

"ಇದೇ ಅಂತ ಹೇಳಲಾರೆ. ಓದಿದ್ದೇನೆ, ಕಂಡಿಲ್ಲ. ಕೂಸು, ತಾಯಿ, ತಂದೆ, ನೀವು, ನಾಲ್ವರ ರಕ್ತವನ್ನೂ ಮುಂಬೈಗೆ ಕಳಿಸುತ್ತೇನೆ. ಇದೇ ಆದರೆ ಕೊಡಬೇಕಾದ ಇಂಜೆಕ್ಷನ್ನು ಬೇರೆ."

"ಅಂದರ ನಾ ಮಾಡಿಸಿದ ಲಗ್ನದಿಂದನ ಹಿಂಗಾತೇನ್ರಿ?" ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದ್ದಳು. ದೀಪಾಲಿ ಹಿಂದಿಗೆ ತಿರುಗಿಸಿ ಹೇಳಲಿಲ್ಲ. ಆದರೂ ಡಾಕ್ಟರಿಗೆ ಅರ್ಥವಾಯಿತು.

"ಇಂಥ ಮದುವೆಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಗಟ್ಟಿಮುಟ್ಟಾಗಿದ್ದಾರೆ, ಆಜಿ."

ಅಲ್ಲ ಎಂದು ಅವರು ಹೇಳಲಿಲ್ಲವೆಂಬುದನ್ನು ಸಾವಿತ್ರೆವ್ವ ಗಮನಿಸಿದಳು. ಡಾಕ್ಟರು ಕ್ಯಾಲೆಂಡರನ್ನು ಜೋಪಾನವಾಗಿ ಸುತ್ತಿ, ಎರಡೂ ಕೈಯಲ್ಲಿ ದೀಪಾಲಿಗೆ ಕೊಟ್ಟರು. "ನಾನು ನಿನ್ನನ್ನು ನಂಬಬೇಕಾಗಿತ್ತು, ಬೇಟಾ."

ಪ್ರಭುದೇವ ಕೆಲಸ ಮಾಡುವ ಗಾಂಧಿಬಾಗಿನ ಬಟ್ಟೆ ಅಂಗಡಿಗೆ ಫೋನು ಹೋಯಿತು. ಅವನು ಹೊರಟಿದ್ದಾನೆಂದು ನೀಲಾ ಬಂದು ಹೇಳಿದಳು. ಅವಳು ರಕ್ತದ ಶೀಶೆಗಳನ್ನು ಸಾಲಾಗಿಟ್ಟು ಮೊದಲು ಕೂಸಿನದು, ಆಮೇಲೆ ದೀಪಾಲಿಯದು ತೆಗೆದುಕೊಂಡಳು.

ಕೂಸನ್ನು ಹೆಗಲಿಗೆ ಹಾಕಿಕೊಂಡ ದೀಪಾಲಿ ಕಿಟಕಿಯ ಹತ್ತಿರ ಹೋಗಿ ನಿಂತಳು.

"ಎಂಟು ತಿಂಗಳು, ಆಯಿ," ಎಂದಳು. "ದಿನಾ ಇದರ ಬಾಯಿ ಒತ್ತಿ ಹಿಡದು ಕಹಿ ಹಾಕೇನಿ."

ಸಾವಿತ್ರೆವ್ವ ಹಸಿರು ಬಳೆಗಳನ್ನು ಮೇಲೆ ಸರಿಸಿ ಕೈ ಚಾಚಿದಳು. ಮುದಿ ನರ ಸುಲಭಕ್ಕೆ ಸಿಗಲಿಲ್ಲ. ನೀಲಾ ಎರಡು ಸಲ ಚುಚ್ಚಿ, ಎರಡು ಸಲವೂ "ಮಾಫ್ ಕರಾ, ಆಜಿ" ಎಂದಳು. ಸೂಜಿ ತೆಗೆದ ಮೇಲೆ ಹತ್ತಿ ಇಟ್ಟರೂ ರಕ್ತ ನಿಲ್ಲದೆ ಮೊಣಕೈಯಿಂದ ಇಳಿಯತೊಡಗಿತು. ನೀಲಾಳ ಕೈಯಲ್ಲಿ ಶೀಶೆಯಿತ್ತು.

ದೀಪಾಲಿ ಕಿಟಕಿಯಿಂದ ಬಂದಳು. ಕೂಸನ್ನು ಒಂದು ತೋಳಿಗೆ ಬದಲಾಯಿಸಿಕೊಂಡು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಜ್ಜಿಯ ಹತ್ತಿಯನ್ನು ಒತ್ತಿ ಹಿಡಿದಳು. ಮುಖ ಬಾಗಿಲ ಕಡೆಗಿತ್ತು. ನೀಲಾ ಮೂರೂ ಶೀಶೆಗಳಿಗೆ ಹೆಸರು ಬರೆದು ಅಂಟಿಸಿ, ಐಸಿನ ಡಬ್ಬಿಯಲ್ಲಿ ನಾಲ್ಕನೆಯದಕ್ಕೆ ಜಾಗ ಬಿಟ್ಟು ಇಡುವವರೆಗೂ ಅವಳು ಹೆಬ್ಬೆರಳು ತೆಗೆಯಲಿಲ್ಲ.