ಗುಬ್ಬಿಯ ಪರ್ಸೆಂಟೇಜ್, ಆಶಾರಾಣಿಯ ಬೆಂಚು

ಶಿಳ್ಳೆ ರೆಡಿ ಮಾಡಿಕೊಳ್ಳಿ. ನಮ್ಮ ಹೆಡ್‌ಮಾಸ್ಟರ್ ರಾಮಾಂಜಿನಯ್ಯನವರ ಎದುರು ಎದೆಯುಬ್ಬಿಸಿ ನಿಂತು, "ಈ ಶಾಬಾಜ್ ಇರೋಗಂಟ ಆಶಾರಾಣೀನ ಯಾವನೂ ಆಚೆ ಹಾಕಕ್ಕಾಗಲ್ಲ ಸಾ" ಎಂದು ಡೈಲಾಗ್ ಹೊಡೆದವನು ನಾನೇ. ತಿರುಗುತ್ತಿದ್ದ ಫ್ಯಾನ್ ಕೂಡ ನಿಂತುಹೋಯಿತು. ಕರೆಂಟ್ ಹೋಗಿತ್ತು, ಅದು ಬೇರೆ ಮಾತು.

ಶಾಲೆಯ ಗೇಟಿನ ಬೋರ್ಡಿನಲ್ಲಿ ಹೋದ ವರ್ಷದ ಹತ್ತನೇ ಕ್ಲಾಸಿನ ತಾಲ್ಲೂಕುವಾರು ಫಲಿತಾಂಶ ಬರೆದಿದ್ದಾರೆ: ಮೇಲೆ ತುಮಕೂರು, ನಡುವೆ ಕುಣಿಗಲ್, ತಳದಲ್ಲಿ ನಮ್ಮ ಗುಬ್ಬಿ. ಮೀಟಿಂಗಿನಲ್ಲಿ ಕುಣಿಗಲ್‌ನವರ ಮುಂದೆ ಉಗಿಸಿಕೊಂಡು ಬಂದ ಹೆಡ್‌ಮಾಸ್ಟರ್ ಒಂದು ದಾರಿ ಹುಡುಕಿದರು. ಫೇಲಾಗುವ ಹಾಗಿರುವವರಿಗೆ ಪರೀಕ್ಷೆಗೆ ಮೊದಲೇ ಟಿಸಿ ಕೊಟ್ಟು ಓಡಿಸುವುದು. ಪರ್ಸೆಂಟೇಜ್ ತಾನಾಗಿ ಏರುತ್ತದೆ.

ಮೊದಲು ಸಿಕ್ಕಿದ್ದು ಆಶಾರಾಣಿ. ಅವಳ ಅವ್ವ ಕೊಲ್ಲಾಪುರಮ್ಮ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಾಳೆ. ಆ ಅವ್ವನನ್ನು ಕರೆಸಿ ಕ್ಲಾಸಿನ ಬಾಗಿಲಾಚೆಯೇ ನಿಲ್ಲಿಸಿದರು.

"ನಿನ್ ಮಗ್ಳಿಂದ ತಾಲ್ಲೂಕಿನ ಮಾನ ಹೋಯ್ತದೆ. ಟಿಸಿ ಇಸ್ಕೊಂಡ್ ಹೋಗು. ಕಾಯಿ ಸುಲಿಯೋರ್ಗೆ ಯಾಕಮ್ಮ ಎಸ್ಸೆಸ್ಸೆಲ್ಸಿ? ಕಾಯಿ ಮಾರ್ಕ್ಸ್ ಕಾರ್ಡ್ ಕೇಳ್ತದಾ?"

"ಕೇಳಾಕಿಲ್ಲ ಸ್ವಾಮಿ. ಅದುಕ್ಕೇ ಇವ್ಳು ಕಾಯಿ ತಾವ್ಕೆ ಬರದು ಬ್ಯಾಡ ಅಂತ ನಿಮ್ ತಾವ ಕಳ್ಸಿದ್ದು."

ಒಳಗೆ ಆಶಾರಾಣಿ ಎರಡೂ ಕೈಯಲ್ಲಿ ಬೆಂಚನ್ನು ಹಿಡಿದು ಕೂತಿದ್ದಳು.

"ಎದ್ದೇಳೇ ಮುಂಡೇದೆ!"

"ಏಳಾಕಿಲ್ಲ ಸಾ. ಪರೀಕ್ಷೆ ಬರ್ದೇ ಏಳದು."

"ಬೆಂಚ್ ಸಮೇತ ಎತ್ತಿ ಆಚೆ ಹಾಕ್ರೋ ಇವ್ಳನ್ನ!"

ಆಗಲೇ ನಾನು ಎದ್ದದ್ದು. ಡೈಲಾಗ್ ಹೊಡೆದದ್ದು.

ಸುಳ್ಳು. ಎದ್ದದ್ದಷ್ಟೇ ನಿಜ. ಬಾಯಿ ತೆರೆಯುವ ಮೊದಲೇ ಹೆಡ್‌ಮಾಸ್ಟರ್ ನನ್ನ ಕಡೆ ತಿರುಗಿದರು.

"ಏನ್ಲಾ ಪಾಷಾ ಮಗ್ನೆ, ಹೀರೋನಾ? ಲೆಕ್ಕದಲ್ಲಿ ನೀನೂ ಡಬ್ಬಾನೇ. ಬೆಂಚ್ ಹಿಡೀತಿಯೋ, ನಿಂಗೂ ಟಿಸಿ ಬರೀಲೋ?"

ಹಿಡಿದೆ. ಇನ್ನೊಂದು ತುದಿಗೆ ನಮ್ಮ ಕ್ಲಾಸಿನ ಅಶ್ವಥ್. ಅವನದೂ ಲೆಕ್ಕದ ಭಯವೇ. ಆಶಾರಾಣಿ ಇಳಿಯಲಿಲ್ಲ. ಕೊಲ್ಲಾಪುರಮ್ಮನ ಮುಂದೆಯೇ ಅವಳ ಮಗಳನ್ನು ಹೊತ್ತು ಸಾಗಿದೆವು.

"ನೆಟ್ಟಗೆ ಹಿಡ್ಕೊಳೋ ಶಾಬಾಜ್, ಬೀಳಿಸ್ಬುಟ್ಟೀಯ" ಎಂದಳು ಆಶಾರಾಣಿ. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಬೆಂಚು ಈಗ ಗೇಟಿನ ಹತ್ತಿರ, ಆ ಬೋರ್ಡಿನ ಮುಂದೆ ಇದೆ. ಆಶಾರಾಣಿ ಪುಸ್ತಕ ಬಿಚ್ಚಿಕೊಂಡು ಬಿಸಿಲಲ್ಲಿ ಕೂತಿದ್ದಾಳೆ. ಪಕ್ಕದಲ್ಲಿ ಅವಳ ಅವ್ವ, ಮಂಡಿಗೆ ಹೋಗಿಲ್ಲ. ಅವರಿಬ್ಬರ ಬೆನ್ನ ಹಿಂದೆ ಗುಬ್ಬಿಯ ಪರ್ಸೆಂಟೇಜ್ ಕಾಣುವುದಿಲ್ಲ.

ಬೆಂಚು ಹೊತ್ತಾಗ ನನ್ನ ಬಾಯಿಂದ ಬಂದ ಡೈಲಾಗ್ ಒಂದೇ:

"ಎಲ್ಲಿ ಇಳಿಸ್ಬೇಕು ಸಾ?"