ಒಂದು ಸೇರು ಬಿತ್ತನೆ

ಚೆಲುವರಾಜು ಎತ್ತಿದ ಗುದ್ದಲಿಯ ಕಾವನ್ನು ಮಹದೇವು ನಡುವೆಯೇ ಹಿಡಿದುಕೊಂಡ. ಇನ್ನೊಂದು ಗಳಿಗೆಯಾಗಿದ್ದರೆ ಅಪ್ಪನ ಸಮಾಧಿಯ ಪಕ್ಕದ ನೆಲಕ್ಕೆ ಏಟು ಬೀಳುತ್ತಿತ್ತು. ಆಚೆ ಹೊಂಗೆ ಮರದ ನೆರಳಲ್ಲಿ, ಚಟ್ಟದ ಮೇಲೆ, ಅವರ ತಾಯಿ ದೇವಿರಮ್ಮ ಮಣ್ಣಿಗಾಗಿ ಕಾಯುತ್ತಿದ್ದಳು.

"ಇದು ನನ್ನ ಪಾಲು ಕಣಣ್ಣ. ಇಲ್ಲಿ ಅಗೀಬ್ಯಾಡ."

"ಅಪ್ಪನ ಪಕ್ಕ ಮಲಗಿಸ್ರಪ್ಪ ಅಂತ ಅವ್ವ ಕೇಳ್ಕೊಂಡಿದ್ದು ನಿನ್ನ ಕಿವಿಗೂ ಬಿದ್ದದೆ."

"ಬಿದ್ದದೆ. ಆದ್ರೆ ಲೇಔಟಿನವರಿಗೆ ಮಾತು ಕೊಟ್ಬುಟ್ಟಿದೀನಿ. ಹಳೇ ಕಲ್ಲಾದ್ರೆ ಕಿತ್ತಾಕಬೋದು. ಹೊಸ ಗುಣಿ ಇರೋ ಕಡೆ ಯಾರು ಸೈಟು ತಕ್ಕೊಂತಾರೆ? ಅವ್ವಂಗೆ ಅವಳ ಪಾಲೇ ಅದಲ್ಲ, ಅಲ್ಲಿ ಅಗೆಯೋಣ."

ಮೈಸೂರು ಬೆಳೆದು ಹಿನಕಲ್ಲಿನ ಹೊಲಗಳ ತನಕ ಬಂದಿತ್ತು. ಹೋದ ವಾರ ಸರ್ವೆಯವರು ಸರಪಳಿ ಎಳೆದು, ಹೊಂಗೆ ಮರದಿಂದ ದೇವಿರಮ್ಮನ ಪಾಲು ಎರಡು ಗುಂಟೆ ಎಂದು ಗೂಟ ಹೊಡೆದಿದ್ದರು. ಅಪ್ಪನ ಸಮಾಧಿ ಕಲ್ಲು ಗೂಟದಿಂದಾಚೆ ಸ್ವಲ್ಪ ದೂರದಲ್ಲಿತ್ತು.

ಹಿಂದೆ ಪಾಲು ಮಾಡಿಸಿದ್ದ ಹಿರಿಯ ಗುರುಮಲ್ಲಪ್ಪ ಕೋಲೂರಿಕೊಂಡು ಮುಂದೆ ಬಂದ.

"ಗುಂಟೆ ಲೆಕ್ಕ ಸರ್ವೆಯವರದು. ಪಾಲಿನ ದಿನ ನಾವು ಆಡಿದ್ದು, ಈ ಮರದಿಂದ ಒಂದು ಸೇರು ರಾಗಿ ಬಿತ್ತೋವಷ್ಟು ನೆಲ ಅವಳಿಗೆ ಅಂತ. ಮಹದೇವು, ನೀನೇ ಬಿತ್ತು. ರಾಗಿ ಎಲ್ಲಿಗೆ ಮುಗೀತದೋ ಅಲ್ಲಿಗಂಟ ಅವಳ್ದು."

"ಸೂತಕದಲ್ಲಿ ಬಿತ್ತನೆಯಾ?" ಎಂದು ಯಾರೋ ಗೊಣಗಿದರು.

"ಇದು ಅಳತೆ ಕಣಯ್ಯ, ಬೇಸಾಯ ಅಲ್ಲ."

ಮಹದೇವು ಒಪ್ಪಿದ. ಪಾಲಿನ ದಿನ ಅವ್ವನೇ ಬಿತ್ತಿದಾಗಲೂ ರಾಗಿ ಕಲ್ಲಿನ ತನಕ ಬಂದಿರಲಿಲ್ಲವಲ್ಲ ಎಂಬ ಧೈರ್ಯ ಅವನದು.

*

ಗಂಡ ಸತ್ತ ಮೇಲೆ ಹೊಲಕ್ಕೆಲ್ಲ ದೇವಿರಮ್ಮನೇ ಬಿತ್ತುತ್ತಿದ್ದಳು. ಪಾಲಿನ ದಿನವೂ ಸೆರಗು ಸಿಕ್ಕಿಸಿ, ಸೇರು ಹಿಡಿದು ಇಳಿದಳು. ಆದರೆ ಅಂದು ಗಿಡ್ಡ ಹೆಜ್ಜೆಯಿಟ್ಟು ಹಿಡಿ ಹಿಡಿಯಾಗಿ ಸುರಿದಳು.

"ಏನವ್ವ, ಬಿತ್ತೋದೇ ಮರ್ತೋಯ್ತಾ?" ಎಂದು ಮಹದೇವು ನಕ್ಕಿದ್ದ.

"ವಯಸ್ಸಾಯ್ತು ಕಣಪ್ಪ" ಎಂದು ಅವಳು ಬರಿದಾದ ಸೇರನ್ನು ಮಗುಚಿ ತೋರಿಸಿದ್ದಳು. ಮುಂದಿನ ನೆಲವೆಲ್ಲ, ಗಂಡನ ಕಲ್ಲೂ ಸೇರಿ, ಕಿರಿಮಗನ ಪಾಲಿಗೆ ಹೋಯಿತು. ಆ ವರ್ಷ ಅವಳ ರಾಗಿ ಒತ್ತೊತ್ತಾಗಿ ಎದ್ದು, ತೆನೆ ಕಟ್ಟದೆ ಸೊರಗಿತು.

*

ಮಹದೇವು ಮನೆಯಿಂದ ತರಿಸಿದ ಸೇರು ಹಿಡಿದು, ಮರದ ಬುಡದಲ್ಲಿ ನಿಂತು ಮುಷ್ಟಿ ತುಂಬ ರಾಗಿ ತೆಗೆದ. ಒತ್ತಾಗಿ ಬಿತ್ತಿದರೆ ಗೂಟದೊಳಗೇ ಮುಗಿಯುತ್ತದೆಂದು ಅವನಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಮೊದಲ ಹಿಡಿಯನ್ನು ಕಾಲ ಬುಡಕ್ಕೇ ಸುರಿದ. ಕಾಳು ಒಂದರ ಮೇಲೊಂದು ಬಿದ್ದು ಗುಪ್ಪೆಯಾಯಿತು.

"ಹಂಗೇನಾ ಬಿತ್ತೋದು?" ಎಂದ ಚೆಲುವರಾಜು.

ಮಹದೇವು ಬಗ್ಗಿ ಗುಪ್ಪೆಯನ್ನು ನೋಡಿದ. ಅಂದು ಅವ್ವನ ಕಾಲ ಬಳಿ ಇಂಥದೇ ಗುಪ್ಪೆ ಕಂಡು ತಾನು ನಕ್ಕಿದ್ದು ನೆನಪಾಗಿ ಅವನ ಮುಖ ಬಿಸಿಯಾಯಿತು. ಹೊಲಕ್ಕೆಲ್ಲ ಬಿತ್ತುವ ಕೈ ಒಂದೇ ದಿನಕ್ಕೆ ಮರೆತುಬಿಡುತ್ತದೆಯೇ? ಚಟ್ಟದ ಕಡೆ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಎರಡನೆಯ ಹಿಡಿಯನ್ನು ಬೆರಳ ಸಂದಿಯಿಂದ ತೆಳ್ಳಗೆ ಬೀಸಿದ. ಹೆಜ್ಜೆ ಉದ್ದವಾಯಿತು. ಗೂಟ ದಾಟಿದ. ಅಪ್ಪನ ಕಲ್ಲನ್ನೂ ದಾಟಿ ನಿಂತಾಗ ಅವನ ಕೈಯ ಸೇರಿನಲ್ಲಿ ಇನ್ನೂ ಅರ್ಧ ರಾಗಿ ಉಳಿದಿತ್ತು.